ಶಾಲಾ ಮಾಹಿತಿ ವ್ಯವಸ್ಥೆ: ಕೀಲಿಕೈ ಯಾರ ಬಳಿ?

ಶಾಲೆಯ ಮುಖ್ಯೋಪಾಧ್ಯಾಯರು ವರ್ಗವಾದಾಗ ಅಥವಾ ನಿವೃತ್ತರಾದಾಗ ತಮ್ಮ ಸ್ಥಾನಕ್ಕೆ ಬಂದವರಿಗೆ ಅಧಿಕಾರವನ್ನು ವಹಿಸಿಕೊಡುವ ಕ್ರಮವೊಂದು ಬಹುಕಾಲದಿಂದ ನಡೆದುಬಂದಿದೆ. ಅದಕ್ಕಾಗಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಬೆಂಚುಗಳೆಷ್ಟು, ಭೂಪಟಗಳೆಷ್ಟು, ಗಂಟೆ, ಗಡಿಯಾರ, ಧ್ವಜ, ಶಾಲೆಯ ಮೊಹರು, ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕಗಳು, ಇವೆಲ್ಲವನ್ನೂ ಎಣಿಸಿ ಬರೆದು ಹೋಗುವವರೂ ಬಂದವರೂ ಸಹಿ ಮಾಡುತ್ತಾರೆ. ಕೊನೆಯಲ್ಲಿ ಬೀರುವಿನ ಕೀಲಿಕೈ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ. ಆ ಬೀರುವಿನೊಳಗೆ ಊರಿನ ಎಷ್ಟೋ ತಲೆಮಾರುಗಳ ಹೆಸರು, ಜನ್ಮದಿನಾಂಕ, ತಂದೆ ತಾಯಿಯರ ವಿವರ ಇರುತ್ತದೆಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೀಲಿಕೈ ಯಾರ ಬಳಿ ಇದೆಯೋ ಹೊಣೆಯೂ ಅವರದೇ ಎಂಬುದು ಎಲ್ಲರಿಗೂ ತಿಳಿದ ವಿಷಯ.

ಇಂದು ಆ ರಿಜಿಸ್ಟರಿನ ವಿವರಗಳಲ್ಲಿ ಹೆಚ್ಚಿನವು ಗಣಕಯಂತ್ರದೊಳಕ್ಕೆ ಹೋಗಿವೆ. ಅಲ್ಲಿಗೂ ಒಂದು ಕೀಲಿಕೈ ಉಂಟು. ಅದಕ್ಕೆ ಬಳಕೆದಾರರ ಖಾತೆ ಎಂದು ಹೆಸರು. ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡು, ಬಹಳ ಕಡೆ ಮೊಬೈಲಿಗೆ ಬರುವ ಒಂದು ಸಂಕೇತ ಸಂಖ್ಯೆ, ಇಷ್ಟೇ ಅದರ ಸ್ವರೂಪ. ಆದರೆ ವಹಿಸಿಕೊಡುವ ಪಟ್ಟಿಯಲ್ಲಿ ಗಂಟೆ ಗಡಿಯಾರಗಳಿಗೆ ಸಿಕ್ಕಿರುವ ಸಾಲು ಈ ಖಾತೆಗೆ ಇನ್ನೂ ಅನೇಕ ಶಾಲೆಗಳಲ್ಲಿ ಸಿಕ್ಕಿಲ್ಲ. ಇದರಿಂದ ಉಂಟಾಗುವ ತೊಡಕು ಎಂಥದು, ಅದನ್ನು ಅನುಭವಿಸುವವರು ಯಾರು ಎಂಬುದೇ ಈ ಭಾಷಣದ ವಿಷಯ.

ರಿಜಿಸ್ಟರು ಗಣಕಯಂತ್ರಕ್ಕೆ ಹೋದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ನಡೆಯುತ್ತಿದ್ದ ಕಾಲದಲ್ಲಿ, 1995ರ ಸುಮಾರಿಗೆ, ಜಿಲ್ಲಾ ಶಿಕ್ಷಣ ಮಾಹಿತಿ ವ್ಯವಸ್ಥೆ ರೂಪುಗೊಂಡಿತು. ಮುಖ್ಯೋಪಾಧ್ಯಾಯರು ಮುದ್ರಿತ ನಮೂನೆಯನ್ನು ಕೈಯಿಂದ ತುಂಬಿ ಕಳುಹಿಸುತ್ತಿದ್ದರು. ಅದನ್ನು ಬೇರೆಲ್ಲೋ ಕುಳಿತವರು ಯಂತ್ರಕ್ಕೆ ಊಡಿಸುತ್ತಿದ್ದರು. 2012-13ರಲ್ಲಿ ಪ್ರೌಢಶಾಲೆಗಳ ಮಾಹಿತಿಯೂ ಇದರೊಂದಿಗೆ ಸೇರಿ ಏಕೀಕೃತ ವ್ಯವಸ್ಥೆಯಾಯಿತು. ಅದೇ ಯುಡೈಸ್. 2018-19ರಿಂದ ಯುಡೈಸ್ ಪ್ಲಸ್ ಎಂಬ ಹೊಸ ರೂಪದಲ್ಲಿ ಮಾಹಿತಿಯನ್ನು ಅಂತರಜಾಲದ ಮೂಲಕವೇ ತುಂಬುವ ಏರ್ಪಾಡಾಯಿತು. ಅಲ್ಲಿಯವರೆಗೆ ಶಾಲೆ ಒಪ್ಪಿಸುತ್ತಿದ್ದುದು ಒಟ್ಟು ಅಂಕಿಗಳನ್ನು ಮಾತ್ರ: ನಾಲ್ಕನೆಯ ತರಗತಿಯಲ್ಲಿ ಬಾಲಕರು ಇಷ್ಟು, ಬಾಲಕಿಯರು ಇಷ್ಟು. 2022-23ರಿಂದ ಪ್ರತಿಯೊಂದು ಮಗುವಿನ ವಿವರವನ್ನೂ ಬಿಡಿಬಿಡಿಯಾಗಿ ದಾಖಲಿಸುವ ಪದ್ಧತಿ ಜಾರಿಗೆ ಬಂದಿತು. 2024-25ರ ವರದಿಯಂತೆ ದೇಶದ 14.71 ಲಕ್ಷ ಶಾಲೆಗಳ 24.69 ಕೋಟಿ ವಿದ್ಯಾರ್ಥಿಗಳು ಈ ವ್ಯವಸ್ಥೆಯಲ್ಲಿದ್ದರು. ಅದೇ ವರ್ಷ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿಯನ್ನು ದಾಟಿತು.

ಈ ಬದಲಾವಣೆಯ ಅರ್ಥ ಸಣ್ಣದಲ್ಲ. ಒಟ್ಟು ಅಂಕಿಯಲ್ಲಿ ಒಂದು ತಪ್ಪಾದರೆ ವರದಿಯ ಒಂದು ಕೋಷ್ಟಕ ತುಸು ಏರುಪೇರಾಗುತ್ತದೆ. ಒಂದು ಮಗುವಿನ ದಾಖಲೆಯಲ್ಲಿ ತಪ್ಪಾದರೆ ಆ ಮಗುವಿನ ಪ್ರವೇಶ, ವಿದ್ಯಾರ್ಥಿವೇತನ, ಮುಂದೆ ಪರೀಕ್ಷೆಯ ಅರ್ಜಿ, ಎಲ್ಲಕ್ಕೂ ಆ ತಪ್ಪು ಬೆನ್ನು ಹತ್ತುತ್ತದೆ. ಆದುದರಿಂದಲೇ ಆ ದಾಖಲೆಯನ್ನು ಮುಟ್ಟುವ ಅಧಿಕಾರ ಯಾರಿಗೆ ಉಂಟು ಎಂಬ ಪ್ರಶ್ನೆ ಈಗ ಕೇವಲ ಕಚೇರಿಯ ವಿಷಯವಾಗಿ ಉಳಿದಿಲ್ಲ.

ಪ್ರತಿಯೊಂದು ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆಯಿದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು, ನಂತರದ ಎರಡು ಜಿಲ್ಲೆಯನ್ನು, ಆಮೇಲಿನ ಎರಡು ಬ್ಲಾಕನ್ನು, ಮುಂದಿನ ಮೂರು ಹಳ್ಳಿ ಅಥವಾ ವಾರ್ಡನ್ನು, ಕೊನೆಯ ಎರಡು ಶಾಲೆಯನ್ನು ಸೂಚಿಸುತ್ತವೆ. ಕರ್ನಾಟಕದ ಶಾಲೆಯಾದರೆ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಮಹಾರಾಷ್ಟ್ರದ್ದಾದರೆ 27, ತಮಿಳುನಾಡಿನದಾದರೆ 33, ತೆಲಂಗಾಣದ್ದಾದರೆ 36, ದೆಹಲಿಯದಾದರೆ 07. ಮುಂಬಯಿ, ಸೊಲ್ಲಾಪುರಗಳ ಕನ್ನಡ ಮಾಧ್ಯಮದ ಶಾಲೆಗಳೂ ಈ ಲೆಕ್ಕದಲ್ಲಿ 27ರವೇ. ಈ ಸಂಖ್ಯೆ ಗುಟ್ಟಿನದಲ್ಲ. ಅನೇಕ ಕಡೆ ಶಾಲೆಯ ನಾಮಫಲಕದ ಮೇಲೆಯೇ ಬರೆದಿರುತ್ತದೆ. ಆ ಸಂಖ್ಯೆಯನ್ನೇ ಬಳಕೆದಾರ ಹೆಸರನ್ನಾಗಿ ಇಟ್ಟುಕೊಂಡಿರುವ ಕಡೆ ಕೀಲಿಕೈಯ ಅರ್ಧ ಭಾಗ ಊರಿಗೇ ಗೊತ್ತಿರುತ್ತದೆ. ಉಳಿದರ್ಧವಾದ ಪಾಸ್‌ವರ್ಡಿನ ಮೇಲೆ ಪೂರ್ಣ ಭಾರ ಬೀಳುತ್ತದೆ.

ಖಾತೆಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಇರುತ್ತವೆ. ಕೇಂದ್ರ, ರಾಜ್ಯ, ಜಿಲ್ಲೆ, ಬ್ಲಾಕು, ಕೊನೆಗೆ ಶಾಲೆ. ಶಾಲೆಯ ಖಾತೆಗೆ ತನ್ನ ಮಕ್ಕಳ ವಿವರ ಮಾತ್ರ ಕಾಣಿಸುತ್ತದೆ. ಬ್ಲಾಕಿನ ಅಧಿಕಾರಿಗೆ ಆ ಬ್ಲಾಕಿನ ಶಾಲೆಗಳೆಲ್ಲ ಕಾಣಿಸುತ್ತವೆ. ಶಾಲೆಯವರು ಪಾಸ್‌ವರ್ಡನ್ನು ಮರೆತರೆ ಅದನ್ನು ಹೊಸದಾಗಿ ಮಾಡಿಕೊಡುವುದು ಮೇಲಿನ ಮೆಟ್ಟಿಲಿನವರ ಕೆಲಸ. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಒಳಗೆ ಬಂದವರು ಯಾರು ಎಂದು ಗುರುತಿಸುವುದು ಒಂದು. ಬಂದವರು ಏನನ್ನು ಮಾಡಬಹುದು ಎಂದು ಗೊತ್ತುಪಡಿಸುವುದು ಇನ್ನೊಂದು. ಮನೆಯೊಳಕ್ಕೆ ಬಂದ ನೆಂಟರೆಲ್ಲರಿಗೂ ದೇವರ ಕೋಣೆಯ ಪೆಟ್ಟಿಗೆಯ ಕೀಲಿಕೈ ಕೊಡುವ ವಾಡಿಕೆ ಯಾವ ಮನೆಯಲ್ಲೂ ಇಲ್ಲ. ಆದರೆ ಗಣಕಯಂತ್ರದ ಮುಂದೆ ಕುಳಿತಾಗ ಈ ವಿವೇಕವೇಕೋ ಹಿಂದೆ ಸರಿಯುತ್ತದೆ.

ಖಾತೆಯ ನಿರ್ವಹಣೆ ಸಡಿಲವಾದಾಗ ಏನಾಗುತ್ತದೆಂಬುದನ್ನು ತಿಳಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಿಂದ ಕಟ್ಟಡದ ಕೆಲಸಕ್ಕೆಂದು ಕುಟುಂಬವೊಂದು ಪುಣೆಗೆ ಬರುತ್ತದೆ. ಮಗಳು ಹಳ್ಳಿಯ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದಾಳೆ. ಯುಡೈಸ್ ಪ್ಲಸ್‌ನಲ್ಲಿ ಅವಳಿಗೊಂದು ಶಾಶ್ವತ ಶಿಕ್ಷಣ ಸಂಖ್ಯೆಯಿದೆ. ಶಾಲೆಗಳಲ್ಲಿ ಇದನ್ನು ಪೆನ್ ನಂಬರು ಎನ್ನುತ್ತಾರೆ. ಹಳೆಯ ಶಾಲೆಯವರು ಈ ಬಾಲಕಿ ಶಾಲೆ ಬಿಟ್ಟು ಹೋದಳೆಂದು ತಮ್ಮ ಖಾತೆಯಿಂದ ನಮೂದಿಸಿದರೆ ಅವಳ ದಾಖಲೆ ಡ್ರಾಪ್‌ಬಾಕ್ಸ್ ಎಂಬ ತಂಗುದಾಣಕ್ಕೆ ಹೋಗಿ ನಿಲ್ಲುತ್ತದೆ. ಪುಣೆಯ ಶಾಲೆ ತನ್ನ ಖಾತೆಯಿಂದ ಆ ಸಂಖ್ಯೆಯನ್ನು ಹಾಕಿ ದಾಖಲೆಯನ್ನು ತನ್ನಲ್ಲಿಗೆ ಬರಮಾಡಿಕೊಳ್ಳುತ್ತದೆ. ಎರಡು ಕಡೆಯ ಕೀಲಿಕೈಗಳೂ ತಿರುಗಿದಾಗ ಮಾತ್ರ ಬಾಗಿಲು ತೆರೆಯುತ್ತದೆ.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರು ಮೇ ತಿಂಗಳಲ್ಲಿ ನಿವೃತ್ತರಾಗಿದ್ದಾರೆನ್ನೋಣ. ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಅವರ ಸ್ವಂತದ್ದು. ಪಾಸ್‌ವರ್ಡು ಅವರ ದಿನಚರಿಯ ಯಾವುದೋ ಪುಟದಲ್ಲಿದೆ. ಅವರು ಮಗನ ಮನೆಗೆಂದು ಬೇರೆ ಊರಿಗೆ ಹೋಗಿದ್ದಾರೆ. ಪ್ರಭಾರ ವಹಿಸಿಕೊಂಡ ಶಿಕ್ಷಕಿ ಬೆಂಚು, ಭೂಪಟಗಳ ಪಟ್ಟಿಗೆ ಸಹಿ ಮಾಡಿದ್ದಾರೆ, ಬೀರುವಿನ ಕೀಲಿಕೈ ಪಡೆದಿದ್ದಾರೆ. ಖಾತೆಯ ಮಾತು ಯಾರಿಗೂ ನೆನಪಾಗಿಲ್ಲ. ಈಗ ಪುಣೆಯಿಂದ ದೂರವಾಣಿ ಕರೆ ಬರುತ್ತದೆ. ಶಿಕ್ಷಕಿ ಗಣಕಯಂತ್ರದ ಮುಂದೆ ಕುಳಿತರೆ ಸಂಕೇತ ಸಂಖ್ಯೆ ನಿವೃತ್ತರ ಮೊಬೈಲಿಗೆ ಹೋಗುತ್ತದೆ. ಬ್ಲಾಕ್ ಕಚೇರಿಗೆ ಅರ್ಜಿ ಕೊಟ್ಟು, ಸಂಖ್ಯೆ ಬದಲಾಯಿಸಿ, ಹೊಸ ಪಾಸ್‌ವರ್ಡು ಪಡೆಯುವ ವೇಳೆಗೆ ವಾರಗಳು ಉರುಳುತ್ತವೆ. ಅಲ್ಲಿಯವರೆಗೆ ಹುಡುಗಿ ಲೆಕ್ಕಕ್ಕೆ ಹಳ್ಳಿಯ ಶಾಲೆಯಲ್ಲಿದ್ದಾಳೆ. ಕುಳಿತಿರುವುದು ಪುಣೆಯ ಬೆಂಚಿನ ಮೇಲೆ. ಇಲ್ಲವೇ ದಾಖಲೆ ತಂಗುದಾಣದಲ್ಲೇ ಉಳಿದರೆ, ಪ್ರತಿದಿನ ಶಾಲೆಗೆ ಹೋಗುತ್ತಿರುವ ಮಗು ಅಂಕಿ ಅಂಶಗಳಲ್ಲಿ ಶಾಲೆ ಬಿಟ್ಟ ಮಗುವಾಗಿ ಕಾಣಿಸಿಕೊಳ್ಳುವ ಸಂಭವವುಂಟು. ಇಲ್ಲಿ ಯಾರೂ ಅಪರಾಧ ಮಾಡಿಲ್ಲ, ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೆ.

ಇಂಥ ಸಂದರ್ಭದಲ್ಲಿ ಪಾಲಕರು ಅರಿತಿರಬೇಕಾದ ಮಾತೊಂದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 2009ರ ಶಿಕ್ಷಣ ಹಕ್ಕು ಅಧಿನಿಯಮದ 5ನೆಯ ಪ್ರಕರಣದಂತೆ, ಮಗು ಬೇರೆ ಶಾಲೆಗೆ ಹೋಗಬಯಸಿದಾಗ ಹಳೆಯ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣದಿಂದ ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಿಸಿದ ಈ ನಿಯಮ ಬಂದದ್ದು ಕಾಗದದ ಪ್ರಮಾಣಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಗದದ ವಿಳಂಬಕ್ಕೆ ಮಗುವನ್ನು ಹೊಣೆಯಾಗಿಸಬಾರದೆಂದು ಶಾಸನವೇ ಹೇಳಿರುವಾಗ, ತೆರೆಯದ ಖಾತೆಯೊಂದರ ದೆಸೆಯಿಂದ ಮಗು ಶಾಲೆಯ ಹೊರಗೆ ನಿಲ್ಲುವುದು ನ್ಯಾಯವಾಗಲಾರದು. ಮಗುವನ್ನು ತರಗತಿಯಲ್ಲಿ ಕೂರಿಸಬೇಕು; ಯಂತ್ರದ ಕೆಲಸ ಹಿಂದಿನಿಂದ ನಡೆಯಲಿ.

ಮಹಾರಾಷ್ಟ್ರದ ಒಳಗೆಯೇ ಶಾಲೆ ಬದಲಾಯಿಸುವವರಿಗೆ ಇನ್ನೊಂದು ವ್ಯವಸ್ಥೆಯ ಪರಿಚಯವಿರುತ್ತದೆ. 2015ರಲ್ಲಿ ಆರಂಭವಾದ ಸರಲ್ ಎಂಬ ಆ ವ್ಯವಸ್ಥೆಯಲ್ಲಿಯೂ ಹೊಸ ಶಾಲೆಯ ಕೋರಿಕೆಯನ್ನು ಹಳೆಯ ಶಾಲೆಯ ಮುಖ್ಯಸ್ಥರು ತಮ್ಮ ಖಾತೆಯಿಂದ ಒಪ್ಪಬೇಕಾಗುತ್ತದೆ. ಕರ್ನಾಟಕದಲ್ಲಿ ಎಸ್.ಎ.ಟಿ.ಎಸ್. ಎಂಬ ರಾಜ್ಯ ವ್ಯವಸ್ಥೆ ಬಳಕೆಯಲ್ಲಿದೆ. ಹೀಗೆ ಒಂದೇ ಶಾಲೆಯ ಮುಖ್ಯಸ್ಥರ ಬಳಿ ರಾಜ್ಯದ್ದೊಂದು, ಕೇಂದ್ರದ್ದೊಂದು, ವಿದ್ಯಾರ್ಥಿವೇತನದ್ದೊಂದು ಎಂದು ಹಲವು ಕೀಲಿಕೈಗಳು ಸೇರುತ್ತವೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡನ್ನು ಇಡುವ ಮೋಹ ಸಹಜವಾದುದೇ. ಆದರೆ ಒಂದು ಕಡೆ ಅದು ಬಯಲಾದರೆ ಎಲ್ಲ ಬಾಗಿಲುಗಳೂ ತೆರೆದಂತಾಗುತ್ತದೆ.

ಇನ್ನು ಪಾಸ್‌ವರ್ಡನ್ನು ಹಂಚಿಕೊಳ್ಳುವ ಅಭ್ಯಾಸ. ಇದನ್ನು ಕೇವಲ ಅಜಾಗರೂಕತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಏಕೋಪಾಧ್ಯಾಯ ಶಾಲೆಯ ಶಿಕ್ಷಕರು ಪಾಠ ಮಾಡಬೇಕು, ಬಿಸಿಯೂಟ ನೋಡಿಕೊಳ್ಳಬೇಕು, ಸಂಜೆಯೊಳಗೆ ಮಾಹಿತಿಯನ್ನೂ ತುಂಬಬೇಕು. ಶಾಲೆಯಲ್ಲಿ ಗಣಕಯಂತ್ರವಿಲ್ಲ, ಇದ್ದರೆ ವಿದ್ಯುತ್ತಿಲ್ಲ. ಕೊನೆಯ ದಿನಾಂಕ ಹತ್ತಿರವಾದಾಗ ಪೇಟೆಯ ಸೈಬರ್ ಅಂಗಡಿಗೆ ಹೋಗಿ, ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದುಕೊಟ್ಟು, ಅಂಗಡಿಯವನಿಂದಲೇ ತುಂಬಿಸಿ ಬರುತ್ತಾರೆ. ಅಂಗಡಿಯ ಯಂತ್ರ ಆ ಪಾಸ್‌ವರ್ಡನ್ನು ನೆನಪಿನಲ್ಲಿಟ್ಟುಕೊಳ್ಳಲೇ ಎಂದು ಕೇಳುತ್ತದೆ. ಅವಸರದಲ್ಲಿದ್ದವರು ಹೌದು ಎಂದು ಒತ್ತುತ್ತಾರೆ. ಮರುದಿನ ಅದೇ ಯಂತ್ರದ ಮುಂದೆ ಕುಳಿತ ಅಪರಿಚಿತನಿಗೆ ನೂರಾರು ಮಕ್ಕಳ ಹೆಸರು, ಜನ್ಮದಿನಾಂಕ, ಪಾಲಕರ ದೂರವಾಣಿ ಸಂಖ್ಯೆಗಳು ಒಂದೇ ಒತ್ತಿಗೆ ದೊರೆಯುತ್ತವೆ. ಕೆಲಸದ ಭಾರವನ್ನು ಇಳಿಸದೆ, ಯಂತ್ರವನ್ನೂ ಕೊಡದೆ, ಗುಟ್ಟನ್ನು ಕಾಯಿರಿ ಎಂದು ಸುತ್ತೋಲೆ ಕಳುಹಿಸಿದರೆ ಫಲ ಕಡಮೆ. ಹಾಗಿದ್ದರೂ ಅಂಗಡಿಯಿಂದ ಮರಳಿದ ದಿನವೇ ಪಾಸ್‌ವರ್ಡನ್ನು ಬದಲಾಯಿಸುವುದಂತೂ ಶಿಕ್ಷಕರ ಕೈಯಲ್ಲೇ ಇದೆ.

ಹಂಚಿಕೊಂಡ ಖಾತೆಯ ಇನ್ನೊಂದು ಕೇಡು ಮೇಲ್ನೋಟಕ್ಕೆ ಕಾಣುವುದಿಲ್ಲ. ವಹಿಯಲ್ಲಿ ಜನ್ಮದಿನಾಂಕವನ್ನು ತಿದ್ದಿದರೆ ಕೆಂಪು ಶಾಯಿ, ಆದೇಶದ ಸಂಖ್ಯೆ, ಮುಖ್ಯೋಪಾಧ್ಯಾಯರ ಕಿರುಸಹಿ ಇವು ಸಾಕ್ಷಿಯಾಗಿ ಉಳಿಯುತ್ತಿದ್ದವು. ಕೈಬರಹವೂ ಸಾಕ್ಷಿ ಹೇಳುತ್ತಿತ್ತು. ಗಣಕಯಂತ್ರದಲ್ಲಿ ಎಲ್ಲರ ಕೈಬರಹವೂ ಒಂದೇ. ತಿದ್ದಿದ್ದು ಯಾವ ಖಾತೆ, ಎಷ್ಟು ಗಂಟೆಗೆ ಎಂಬುದಷ್ಟನ್ನು ಅದು ಹೇಳಬಲ್ಲದು. ಒಂದೇ ಖಾತೆಯನ್ನು ಗುಮಾಸ್ತರು, ಮೂವರು ಶಿಕ್ಷಕರು, ಹೊರಗಿನ ಅಂಗಡಿಯವನು ಬಳಸಿದ್ದರೆ ತಪ್ಪು ಯಾರದೆಂದು ಹೇಳಲಾಗದು. ತಪ್ಪು ಮಾಡದವರು ತಮ್ಮ ನಿರಪರಾಧವನ್ನು ತೋರಿಸಿಕೊಳ್ಳಲೂ ಆಗದು. ಹೊಣೆ ಹೊರಬೇಕಾದವರು ಕೊನೆಗೆ ಮುಖ್ಯೋಪಾಧ್ಯಾಯರೇ. ಪ್ರತಿಯೊಬ್ಬರಿಗೂ ಬೇರೆ ಖಾತೆಯಿರುವುದು ಅವರ ಮೇಲಿನ ಸಂಶಯದಿಂದಲ್ಲ, ಅವರ ರಕ್ಷಣೆಗಾಗಿ.

ಈ ಮಾತು ಸ್ವಂತ ತಂತ್ರಾಂಶವನ್ನು ಕೊಂಡು ಬಳಸುವ ದೊಡ್ಡ ಶಾಲೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ತರಗತಿಯ ಶಿಕ್ಷಕರು ಹಾಜರಿಯನ್ನೂ ಅಂಕಗಳನ್ನೂ ಬರೆದರೆ ಸಾಕು. ಶುಲ್ಕದ ಗುಮಾಸ್ತರಿಗೆ ಮಗುವಿನ ಆರೋಗ್ಯದ ಟಿಪ್ಪಣಿ ಬೇಕಾಗಿಲ್ಲ. ವಾಹನದ ಮೇಲ್ವಿಚಾರಕರಿಗೆ ಇಳಿಯುವ ನಿಲ್ದಾಣ ಗೊತ್ತಿದ್ದರೆ ಆಯಿತು, ಜಾತಿ ಆದಾಯಗಳ ವಿವರವೇಕೆ? ಅಂಕಗಳು ಪ್ರಕಟವಾದ ಮೇಲೆ ತಿದ್ದಬೇಕಾದರೆ ಒಬ್ಬರು ಕೋರಬೇಕು, ಇನ್ನೊಬ್ಬರು ಒಪ್ಪಬೇಕು. ಎಲ್ಲವನ್ನೂ ಮಾಡಬಲ್ಲ ಮೇಲ್ವಿಚಾರಕ ಖಾತೆ ಒಬ್ಬರಿಬ್ಬರ ಬಳಿ ಮಾತ್ರ ಇರಬೇಕು, ಅವರೂ ದಿನನಿತ್ಯದ ಕೆಲಸಕ್ಕೆ ಅದನ್ನು ಬಳಸಬಾರದು. ಕೆಲಸ ಬಿಟ್ಟು ಹೋದವರ ಖಾತೆಯನ್ನು ಆ ದಿನವೇ ಮುಚ್ಚಬೇಕು. ಅಳಿಸಿಬಿಡುವುದಕ್ಕಿಂತ ನಿಷ್ಕ್ರಿಯಗೊಳಿಸುವುದು ಮೇಲು. ಏಕೆಂದರೆ ಅವರು ಮಾಡಿದ ನಮೂದುಗಳ ಚರಿತ್ರೆ ಉಳಿಯಬೇಕಾಗುತ್ತದೆ.

ಪಾಸ್‌ವರ್ಡು ಗುಟ್ಟಾಗಿ ಉಳಿಯುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1960ರ ದಶಕದ ಆದಿಯಲ್ಲಿ, ಫರ್ನಾಂಡೊ ಕಾರ್ಬಟೊ ಅವರ ನೇತೃತ್ವದಲ್ಲಿ, ಅನೇಕರು ಏಕಕಾಲಕ್ಕೆ ಬಳಸಬಹುದಾದ ಗಣಕ ವ್ಯವಸ್ಥೆಯೊಂದು ರೂಪುಗೊಂಡಿತು. ಪ್ರತಿಯೊಬ್ಬರಿಗೂ ಪಾಸ್‌ವರ್ಡು ಕೊಟ್ಟ ಮೊದಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಒಂದು ದಿನ ಇಬ್ಬರು ನಿರ್ವಾಹಕರು ಏಕಕಾಲಕ್ಕೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ಒಳಬಂದವರಿಗೆಲ್ಲ ಕಾಣಬೇಕಾದ ದಿನದ ಪ್ರಕಟಣೆಯ ಬದಲಿಗೆ ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗಿ ಬಂದಿತು. ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಡಬಾರದು, ಮತ್ತೆ ಓದಲಾಗದ ರೂಪಕ್ಕೆ ತಿರುಗಿಸಿ ಇಡಬೇಕೆಂಬ ನಿಯಮ ಬೇರೂರಿದ್ದು ಇಂಥ ಅನುಭವಗಳಿಂದ. ಮರೆತ ಪಾಸ್‌ವರ್ಡನ್ನು ಕೇಳಿದಾಗ ಹಳೆಯದನ್ನೇ ಓದಿ ಹೇಳಬಲ್ಲ ಶಾಲಾ ತಂತ್ರಾಂಶವಿದ್ದರೆ, ಅದನ್ನು ಕೊಳ್ಳುವ ಮುನ್ನ ಆಡಳಿತ ಮಂಡಳಿ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಪಾಸ್‌ವರ್ಡು ಹೇಗಿರಬೇಕೆಂಬ ಬಗ್ಗೆಯೂ ತಜ್ಞರ ಅಭಿಪ್ರಾಯ ಬದಲಾಗಿದೆ. ತಿಂಗಳಿಗೊಮ್ಮೆ ಬದಲಾಯಿಸಬೇಕೆಂಬ ಹಿಂದಿನ ಕಟ್ಟಳೆಯಿಂದ ಜನ ಕೊನೆಯ ಒಂದಂಕಿಯನ್ನು ಮಾತ್ರ ಬದಲಾಯಿಸುತ್ತ ಹೋದರು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2017ರ ತನ್ನ ಮಾರ್ಗದರ್ಶನದಲ್ಲಿ, ಬಯಲಾದ ಸೂಚನೆಯಿಲ್ಲದಿದ್ದರೆ ಕಾಲಕಾಲಕ್ಕೆ ಬದಲಾಯಿಸುವಂತೆ ಒತ್ತಾಯಿಸಬಾರದೆಂದೂ ಉದ್ದವಾದ ಪಾಸ್‌ವರ್ಡಿಗೆ ಅವಕಾಶ ಕೊಡಬೇಕೆಂದೂ ಹೇಳಿತು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿಕೊಂಡರೆ ಅದು ಶಾಲೆಯ ಹೆಸರಿನ ಮುಂದೆ 123 ಹಾಕುವುದಕ್ಕಿಂತ ಎಷ್ಟೋ ಗಟ್ಟಿ, ನೆನಪಿಡುವುದೂ ಸುಲಭ. ಇದರ ಜೊತೆಗೆ ಮೊಬೈಲಿನ ಸಂಕೇತ ಸಂಖ್ಯೆಯಂತಹ ಎರಡನೆಯ ಪರೀಕ್ಷೆಯೊಂದಿರಬೇಕು. ಆ ಸಂಖ್ಯೆಯನ್ನು ಕೇಳಿ ಯಾರು ಕರೆ ಮಾಡಿದರೂ, ಮೇಲಧಿಕಾರಿಯ ಹೆಸರು ಹೇಳಿದರೂ, ಕೊಡಬಾರದು.

ಎರಡನೆಯ ಪರೀಕ್ಷೆಯಿಲ್ಲದೆ ಹೋದರೆ ಒಂದೇ ಖಾತೆಯಿಂದ ಎಷ್ಟು ಹಾನಿಯಾಗಬಹುದೆಂಬುದನ್ನು 2024ರ ಡಿಸೆಂಬರಿನಲ್ಲಿ ಉತ್ತರ ಅಮೆರಿಕ ಕಂಡಿತು. ಅಲ್ಲಿನ ಸಾವಿರಾರು ಶಾಲೆಗಳು ಬಳಸುವ ಪವರ್‌ಸ್ಕೂಲ್ ಎಂಬ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯೊಳಕ್ಕೆ, ಕದ್ದ ಪಾಸ್‌ವರ್ಡಿನ ನೆರವಿನಿಂದ, ಗ್ರಾಹಕರ ಸಹಾಯಕ್ಕೆಂದು ಇದ್ದ ಬಾಗಿಲಿನ ಮೂಲಕ ಪ್ರವೇಶ ದೊರಕಿಸಿಕೊಳ್ಳಲಾಯಿತು. ಸರ್ಕಾರಿ ವಕೀಲರು ನ್ಯಾಯಾಲಯದ ಮುಂದಿಟ್ಟ ಲೆಕ್ಕದಂತೆ ಆರು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ, ಸುಮಾರು ಒಂದು ಕೋಟಿ ಶಿಕ್ಷಕರ ವಿವರಗಳು ಕಳ್ಳರ ಪಾಲಾದವು. 2025ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದವನು 19 ವರ್ಷದ ಕಾಲೇಜು ವಿದ್ಯಾರ್ಥಿ. ಬೀಗ ಮುರಿಯುವ ಅಸಾಧಾರಣ ವಿದ್ಯೆಯೇನೂ ಅಲ್ಲಿ ಬೇಕಾಗಿರಲಿಲ್ಲ, ಕೀಲಿಕೈಯೊಂದು ಸಿಕ್ಕಿತ್ತು.

ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳ ಬಳಕೆಗೆ ಪಾಲಕರ ಸಮ್ಮತಿಯ ವಿಷಯದಲ್ಲಿ ವಿಶೇಷ ನಿಯಮಗಳನ್ನು ಮಾಡಿದೆ. ತನ್ನ ವಶದಲ್ಲಿರುವ ವಿವರಗಳಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಇದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಶಾಲೆಯಲ್ಲಿ ಇದರ ಅನುಭವ ಪಾಲಕರಿಗೆ ಮೊದಲು ಆಗುವುದು ಅಪಾರ್ ಎಂಬ 12 ಅಂಕಿಗಳ ಗುರುತಿನ ಸಂಖ್ಯೆಯ ಸಂದರ್ಭದಲ್ಲಿ. ಸಮ್ಮತಿಪತ್ರಕ್ಕೆ ಸಹಿ ಮಾಡುವವರು ಪಾಲಕರು. ಅದನ್ನು ಯಂತ್ರಕ್ಕೆ ಏರಿಸುವುದು ಶಾಲೆಯ ಖಾತೆ.

ಹೊರನಾಡಿನ ಕನ್ನಡಿಗರಿಗೆ ಇಲ್ಲಿ ತಮ್ಮದೇ ಆದ ತೊಡಕೊಂದು ಎದುರಾಗುತ್ತದೆ. ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಮುಂಬಯಿಯ ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು ಎಂಬ ಕ್ರಮ. ಚೆನ್ನೈಯಲ್ಲಿ ತಂದೆಯ ಹೆಸರಿನ ಒಂದಕ್ಷರ. ಒಂದೇ ಮಗು ಮೂರು ಊರಿನಲ್ಲಿ ಮೂರು ಹೆಸರಾಗುತ್ತದೆ. ಆಧಾರ್ ಚೀಟಿಯ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ತಾಳೆಯಾಗದಿದ್ದರೆ ಅಪಾರ್ ಸಂಖ್ಯೆ ದೊರೆಯುವುದಿಲ್ಲ. ಆಗ ತಿದ್ದುವವರಾರು? ಪಾಲಕರು ಕಚೇರಿಯ ಕಿಟಕಿಯ ಬಳಿ ನಿಂತು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿ ಎದುರಿಗಿದ್ದವರು ಅಲ್ಲಿಯೇ ತಿದ್ದಿಕೊಟ್ಟರೆ ಅದು ಉಪಕಾರದಂತೆ ತೋರುತ್ತದೆ. ಹಾಗೆ ಸುಲಭವಾಗಿ ತಿದ್ದಬಲ್ಲವರು ಇನ್ನೊಬ್ಬರು ಕೇಳಿದಾಗಲೂ ಅಷ್ಟೇ ಸುಲಭವಾಗಿ ತಿದ್ದಬಲ್ಲರು. ಲಿಖಿತ ಅರ್ಜಿ, ಆಧಾರವಾದ ದಾಖಲೆ, ಮುಖ್ಯಸ್ಥರ ಒಪ್ಪಿಗೆ, ಅವರ ಖಾತೆಯಿಂದಲೇ ತಿದ್ದುಪಡಿ ಎಂಬ ಕ್ರಮ ಎರಡು ದಿನ ಹೆಚ್ಚು ತೆಗೆದುಕೊಂಡರೂ ಅದನ್ನೇ ಕೇಳಿ ಪಡೆಯಬೇಕು.

ಊರು ಬಿಡುವ ಕುಟುಂಬಗಳು ವರ್ಗಾವಣೆ ಪ್ರಮಾಣಪತ್ರದೊಂದಿಗೆ ಮಗುವಿನ ಪೆನ್ ನಂಬರನ್ನೂ ಹಳೆಯ ಶಾಲೆಯ ಯುಡೈಸ್ ಸಂಖ್ಯೆಯನ್ನೂ ಬರೆಯಿಸಿಕೊಳ್ಳಬೇಕು. ಹೆಸರಿನ ಕಾಗುಣಿತವನ್ನು, ಜನ್ಮದಿನಾಂಕವನ್ನು ಅಲ್ಲಿರುವಾಗಲೇ ಓದಿ ನೋಡಬೇಕು. ಮಗು ಶಾಲೆ ಬಿಟ್ಟಿದೆಯೆಂದು ಯಂತ್ರದಲ್ಲಿ ನಮೂದಾಯಿತೇ ಎಂದು ಕೇಳಲು ಸಂಕೋಚ ಬೇಡ. ಪಾಲಕರ ಮೊಬೈಲ್ ಸಂಖ್ಯೆ ಬದಲಾದರೆ ಶಾಲೆಗೆ ಬರೆದು ತಿಳಿಸಬೇಕು. ಕೈಬಿಟ್ಟ ಸಂಖ್ಯೆ ಕೆಲವು ತಿಂಗಳ ಬಳಿಕ ಬೇರೊಬ್ಬರ ಪಾಲಾಗುತ್ತದೆ, ಮಗುವಿನ ಸಂದೇಶಗಳು ಆ ಅಪರಿಚಿತರಿಗೆ ಹೋಗುತ್ತವೆ.

ಶಾಲೆಯ ಕಡೆಯಿಂದ ಆಗಬೇಕಾದುದು ವಹಿಸಿಕೊಡುವ ಪಟ್ಟಿಯಲ್ಲಿ ಇನ್ನೊಂದು ಸಾಲು. ಯಾವ ಯಾವ ವ್ಯವಸ್ಥೆಯ ಖಾತೆಗಳಿವೆ, ಅವುಗಳಿಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾವುದು, ಅದನ್ನು ಹೊಸಬರ ಹೆಸರಿಗೆ ಬದಲಾಯಿಸಿದ ದಿನಾಂಕ ಯಾವುದು ಎಂದು ಅಲ್ಲಿ ಬರೆಯಬೇಕು. ಪಾಸ್‌ವರ್ಡನ್ನು ಮಾತ್ರ ಬರೆಯಬಾರದು. ಹೋಗುವವರು ಎದುರಿಗಿರುವಾಗಲೇ ಬಂದವರು ಅದನ್ನು ಬದಲಾಯಿಸಿ, ಒಮ್ಮೆ ಒಳಹೊಕ್ಕು ನೋಡಿ, ಆಮೇಲೆ ಇಬ್ಬರೂ ಸಹಿ ಮಾಡಬೇಕು.